ಯಲ್ಲಮ್ಮನಲ್ಲಿ ಗಂಡನ ಕಾಲು ಮುರಿಯಲೆಂದು ಬೇಡಿದೆ

ಭಕ್ತರೇ, ಮೊದಲೇ ಹೇಳಿಬಿಡುತ್ತೇನೆ, ನಾನು ತಾಯಿಯಲ್ಲಿ ಒಳ್ಳೆಯದನ್ನೇನೂ ಬೇಡಲಿಲ್ಲ.

ನಾವು ಮುನವಳ್ಳಿಯವರು, ಹಿಟ್ಟಿನ ಗಿರಣಿ ನಡೆಸುತ್ತೇವೆ. ಹೋದ ಶ್ರಾವಣದಲ್ಲಿ ಯಜಮಾನರಿಗೆ ಮೂತ್ರದಲ್ಲಿ ರಕ್ತ ಬಂತು. ಬೆಳಗಾವಿಯ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿ, ಎಡ ಕಿಡ್ನಿಯಲ್ಲಿ ಕ್ಯಾನ್ಸರ್ ಗಂಟಿದೆ, ಹೊರಗೆ ಹಬ್ಬುವ ಮೊದಲು ಆಪರೇಷನ್ ಆಗಬೇಕು ಎಂದರು.

ನನ್ನ ಮೈದುನ ಶೇಖಪ್ಪ ಬೈಲಹೊಂಗಲದ ಔಷಧಿ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾನೆ. ನಾಲ್ಕು ಡಬ್ಬಿ ಎತ್ತಿಟ್ಟ ಮಾತ್ರಕ್ಕೆ ತಾನೇ ದೊಡ್ಡ ಡಾಕ್ಟರು. ಕೊಲೆಸ್ಟ್ರಾಲ್ ಗುಳಿಗೆಯಿಂದ ಕಿಡ್ನಿ ಕ್ಯಾನ್ಸರ್ ಕರಗುತ್ತದೆಂದು ಮೊಬೈಲಿನಲ್ಲಿ ಓದಿ ಬಂದು ಅಣ್ಣನ ತಲೆ ಕೆಡಿಸಿದ. ಇವರು ಆ ಗುಳಿಗೆಯನ್ನು ಮೊದಲಿನಿಂದಲೂ ದಿನಕ್ಕೊಂದು ನುಂಗುತ್ತಿದ್ದರು. ಚಾಕುವಿಗೆ ಹೆದರಿದ ಮನುಷ್ಯನಿಗೆ ಅಷ್ಟೇ ಸಾಕಾಯಿತು. ಮಂಗಳವಾರ ತಾಯಿಯ ಹೆಸರಿನಲ್ಲಿ ಐದು ಮನೆಯಲ್ಲಿ ಜೋಗದ ಭಿಕ್ಷೆ ಬೇಡುವ ಮನೆತನ ನಮ್ಮದು. ಗುಳಿಗೆಯೂ ಐದೇ ಇರಲೆಂದು, ದೇವರ ಮುಂದಿಟ್ಟು ಭಂಡಾರದ ಅರಿಶಿನ ಹಚ್ಚಿ, ದಿನಕ್ಕೆ ಐದು ನುಂಗತೊಡಗಿದರು. ತಂದುಕೊಡುತ್ತಿದ್ದವನು ಶೇಖಪ್ಪ. ನಾನು ಕಣ್ಣೀರಿಟ್ಟೆ, ಜಗಳವಾಡಿದೆ, ಮಾತು ಬಿಟ್ಟೆ. ದೇವರ ಲೆಕ್ಕಕ್ಕೆ ಅಡ್ಡ ಬರಬೇಡ ಎಂದು ಯಜಮಾನರು ನನ್ನ ಬಾಯಿ ಮುಚ್ಚಿಸಿದರು.

ಒಂದು ಶುಕ್ರವಾರ ಸಿಟ್ಟು ತಡೆಯದೆ ಸವದತ್ತಿ ಬಸ್ಸು ಹತ್ತಿ ಗುಡ್ಡಕ್ಕೆ ಹೋದೆ. ಕಾಯಿಯಿಲ್ಲ, ಹೂವಿಲ್ಲ, ಕೈ ಕೂಡ ಮುಗಿಯಲಿಲ್ಲ.

"ನಿನ್ನ ಹೆಸರ ಹೇಳಿ ಸಾಯಾಕ ಹತ್ಯಾರ, ನೀ ನೋಡಕೋಂತ ಕುಂತಿಯೇನವಾ? ಕಾಲ ಮುರದಾದ್ರೂ ಇವರನ್ನ ದವಾಖಾನಿಗೆ ಹಾಕು" ಎಂದೆ.

ಎಂಟು ದಿನವಾಗಿರಲಿಲ್ಲ, ಗಿರಣಿಯಲ್ಲಿ ಜೋಳದ ಚೀಲ ಎತ್ತಲು ಹೋಗಿ ಕುಸಿದರು. ತೊಡೆಯಲ್ಲಿ ತಡೆಯಲಾರದ ನೋವು, ಎದ್ದು ನಿಲ್ಲಲಾಗದು, ಮೂತ್ರ ಕಷಾಯದ ಬಣ್ಣ. ಬೆಳಗಾವಿಗೆ ಹೊತ್ತುಕೊಂಡೇ ಹೋದೆವು. ಐದು ಗುಳಿಗೆ ಎಂದು ಕೇಳಿ ಡಾಕ್ಟರು ರೇಗಿದರು. ಗುಳಿಗೆ ಅತಿಯಾಗಿ ಸ್ನಾಯು ಕೆಟ್ಟಿದೆ, ಇನ್ನೂ ತಡವಾಗಿದ್ದರೆ ಒಳ್ಳೆಯ ಕಿಡ್ನಿಯೂ ಹೋಗುತ್ತಿತ್ತು. ಕ್ಯಾನ್ಸರಿಗೆ ಆ ಗುಳಿಗೆ ಆದೀತೇ ಎಂದು ಸಂಶೋಧನೆ ನಡೆದಿರುವುದು ನಿಜ, ಆದರೆ ಆಪರೇಷನ್ನಿಗೆ ಅದು ಬದಲಿಯಲ್ಲ ಎಂದರು. ಮತ್ತೆ ಸ್ಕ್ಯಾನ್ ಮಾಡಿದಾಗ ಗಂಟು ಕಿಡ್ನಿಯೊಳಗೇ ಇತ್ತು. ಕಾಲೇ ಇಲ್ಲದಂತೆ ಮಲಗಿದವರು ಎಲ್ಲಿಗೆ ಓಡಿಯಾರು? ಚೇತರಿಸಿದ ಮೇಲೆ ಸಹಿ ಹಾಕಿದರು, ಕಿಡ್ನಿ ತೆಗೆದರು. ಈಗ ತಾವೇ ನಡೆದು ಗಿರಣಿಗೆ ಹೋಗುತ್ತಾರೆ. ನಾನು ಗುಡ್ಡಕ್ಕೆ ಹೋಗಿ ಉಡಿ ತುಂಬಿ, ಮನಸಾರೆ ಅತ್ತು ಬಂದೆ.

ಮೊನ್ನೆ ಶೇಖಪ್ಪ ಬಂದು, ಕ್ಯಾನ್ಸರ್ ಹಬ್ಬದಂತೆ ತಡೆದದ್ದು ತನ್ನ ಗುಳಿಗೆಯೇ ಎಂದು ಓಣಿಯವರ ಮುಂದೆ ಜಂಬ ಕೊಚ್ಚಿದ.

"ನಿಮ್ಮಣ್ಣನ ಕಾಲಿಂದಷ್ಟ ಬೇಡೇನಿ ಶೇಖಪ್ಪ. ನಿನ್ನ ನಾಲಿಗಿ ಮಾತು ಇನ್ನಾ ತಾಯಿ ಮುಂದ ತಗದಿಲ್ಲ" ಎಂದೆ.

ಚಹಾ ಅರ್ಧಕ್ಕೇ ಬಿಟ್ಟು ಎದ್ದುಹೋದ. ತಾಯಿಯ ಮೇಲೆ ನನ್ನ ನಂಬಿಕೆ ಗಟ್ಟಿಯಾಗಿದೆ. ಅವನದು ನನ್ನದಕ್ಕಿಂತ ಗಟ್ಟಿಯಾದಂತಿದೆ.