ಆಯಿ ಬರೆದ ದಿನಕ್ಕೊಂದು ಸಾಲು

ನಲವತ್ತು ಮಕ್ಕಳ ಕಾಪಿ ಪುಸ್ತಕವನ್ನು ಊಟದ ಬಿಡುವಿನಲ್ಲೇ ತಿದ್ದಿ ಮುಗಿಸುತ್ತಿದ್ದ ಅಕ್ಕೋರು ನಾನು. ಓದುತ್ತ ಕೂತರೆ ಅದು ಮುಗಿಯುವ ಕೆಲಸವಲ್ಲ. ಅಕ್ಷರ ದುಂಡಗಿದೆಯೇ, ಸಾಲು ಗೆರೆಯ ಮೇಲೆ ಕೂತಿದೆಯೇ ಎಂದು ನೋಡಿ ಕೆಂಪು ಪೆನ್ನಿನಲ್ಲಿ ಸರಿ ಗುರುತು ಎಳೆದರೆ ಆಯಿತು. ಒಳಗೆ ಏನು ಬರೆದಿದೆ ಎಂದು ಯಾರಾದರೂ ಕೇಳಿದ್ದರೆ ಬಾಯಿ ಬಾಯಿ ಬಿಡುತ್ತಿದ್ದೆ. ಶಾಲೆಯಲ್ಲಿ ಈ ಚಾಳಿಯಿಂದ ಯಾರಿಗೂ ಕೇಡಾಗಲಿಲ್ಲ. ಮನೆಯಲ್ಲಿ ಆಯಿತು.

ತೊಂಬತ್ತರ ದಶಕದ ಕೊನೆ. ಯಲ್ಲಾಪುರದಲ್ಲಿ ಬಸ್‌ಸ್ಟ್ಯಾಂಡಿನ ಹಿಂದೆ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ನಾನೊಬ್ಬಳೇ ಇದ್ದೆ. ಬಿಳಗಿಯ ಹತ್ತಿರ ಅಣ್ಣನ ಮನೆಯಲ್ಲಿದ್ದ ಅಮ್ಮನಿಗೆ, ನಾವು ಕರೆಯುವಂತೆ ಆಯಿಗೆ, ಕಾಲು ಬಾತುಕೊಂಡು, ಹೊಟ್ಟೆ ಉಬ್ಬಿ, ಉಸಿರಾಡುವುದೇ ಕಷ್ಟವಾದಾಗ ಅವಳನ್ನು ನನ್ನಲ್ಲಿಗೆ ಕರೆತಂದೆ. ಶಿರಸಿಯಲ್ಲಿ ಡಾಕ್ಟರು ಸ್ಕ್ಯಾನ್ ಮಾಡಿಸಿ, ಲಿವರ್ ಗಟ್ಟಿಯಾಗಿದೆ, ಸಿರೋಸಿಸ್ ಎಂದರು. ಯಾವುದೋ ಕಾಲದ ಕಾಮಾಲೆ ಒಳಗೇ ಉಳಿದು ಮಾಡಿದ ಕೆಲಸವಂತೆ. ಇದನ್ನು ಬಿಡಿಸಿ ಹೇಳಿದರೂ ಓಣಿಯವರು ನಂಬಲಿಲ್ಲ, ಅದು ಕುಡಿಯುವವರಿಗೆ ಬರುವ ಕಾಯಿಲೆಯಲ್ಲವೇ ಎಂದು ಮುಖ ಮುಖ ನೋಡಿಕೊಂಡರು. ಆಯಿ ಮಾತ್ರ ನಕ್ಕಳು. "ಆನು ಕುಡ್ದದ್ದು ಕಷಾಯ ಒಂದೇಯ" ಅಂದಳು.

ಡಾಕ್ಟರು ಹಾವೇರಿ ಕಡೆಯವರು. ಹೊಟ್ಟೆಯ ನೀರು ತೆಗೆದಾದ ಮೇಲೆ ನನ್ನನ್ನು ಕೂರಿಸಿಕೊಂಡು ಹೇಳಿದರು: "ಉಪ್ಪು ಬಂದ್ ಮಾಡ್ರಿ. ಆದ್ರ ಉಪವಾಸ ಕೆಡವಬ್ಯಾಡ್ರಿ. ಬ್ಯಾಳಿ, ಮೊಸರು, ಹೆಸರುಕಾಳು ಸ್ವಲ್ಪ ಸ್ವಲ್ಪ ನಾಕೈದು ಸಲ ತಿನಸ್ರಿ. ಮಲಗೋ ಮುಂದ ಒಂದಿಷ್ಟು ಏನರ ಹೊಟ್ಟಿಗೆ ಬೀಳಲಿ. ಏಕಾದಶಿ ಗೀಕಾದಶಿ ಎಲ್ಲಾ ಬಿಡಸ್ರಿ." ದಿನವೂ ತೂಕ ನೋಡಬೇಕು, ಟೇಪಿನಲ್ಲಿ ಹೊಟ್ಟೆಯ ಸುತ್ತಳತೆ ಬರೆದಿಡಬೇಕು, ತಿಂಗಳಿಗೊಮ್ಮೆ ರಕ್ತ ಪರೀಕ್ಷೆ, ಆರು ತಿಂಗಳಿಗೊಮ್ಮೆ ಸ್ಕ್ಯಾನ್. ಕೊನೆಗೊಂದು ವಿಚಿತ್ರ ಆಜ್ಞೆ: "ದಿನಾ ಮುಂಜಾನೆ ಒಂದು ಸಾಲು ಬರೆಸ್ರಿ. ಈ ರೋಗ ತಲಿಗೆ ಏರಿದ್ರ ಮೊದಲು ಕೈ ನಡಗ್ತದ, ಅಕ್ಷರ ಕೆಡ್ತದ. ಅಕ್ಷರದ ಮ್ಯಾಲೆ ಕಣ್ಣಿಡ್ರಿ."

ಅಕ್ಷರದ ಮೇಲೆ ಕಣ್ಣಿಡುವುದನ್ನು ನನಗೆ ಹೇಳಿಕೊಡಬೇಕೇ?

ತೂಕಕ್ಕೆ ಪಕ್ಕದ ಹಿಟ್ಟಿನ ಗಿರಣಿಗೆ ಹೋಗುತ್ತಿದ್ದೆವು. ಬೆಳಿಗ್ಗೆ ಗಿರಣಿ ಶುರುವಾಗುವ ಮೊದಲು ಆಯಿ ಮೂಟೆ ತೂಗುವ ಹಲಗೆಯ ಮೇಲೆ ಹತ್ತಿ, ಬೀಳುತ್ತೇನೆಂಬ ಭಯಕ್ಕೆ ಪಕ್ಕದ ಕಂಬ ಹಿಡಿದುಕೊಳ್ಳುವಳು. ಗಿರಣಿಯ ಯಜಮಾನರು "ಕೈ ಬಿಡ್ರಿ ಅಮ್ಮಾರ, ಕಂಬದ ತೂಕ ಯಾಕ ನಮಗ" ಎನ್ನುವರು. ಮನೆಗೆ ಬಂದು ಆಯಿ ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಒಂದು ಸಾಲು ಬರೆಯುವಳು. ನಾಲ್ಕನೇ ಇಯತ್ತೆ ಓದಿದವಳು. ಅಕ್ಷರ ಮಾತ್ರ ನನಗಿಂತ ಚೆಂದ. ನಾನು ಸೀರೆಯ ನೆರಿಗೆ ಹಿಡಿಯುತ್ತಲೇ ಪುಸ್ತಕದ ಮೇಲೆ ಬಗ್ಗಿ ನೋಡಿ, ನಡುಕವಿಲ್ಲ ಎಂದು ಖಾತ್ರಿ ಮಾಡಿಕೊಂಡು, ಕೆಂಪು ಸರಿ ಎಳೆದು ಶಾಲೆಗೆ ಓಡುತ್ತಿದ್ದೆ.

ಮೊದಲ ಆರು ವಾರ ತೂಕ ಏರಲಿಲ್ಲ. ಆದರೆ ಉಪ್ಪಿಲ್ಲದ ಸಾರು ಆಯಿಯ ಗಂಟಲಲ್ಲಿ ಇಳಿಯಲಿಲ್ಲ. ನಿಂಬೆಹಣ್ಣು ಹಿಂಡಿದೆ, ಜೀರಿಗೆ, ಕಾಳುಮೆಣಸು ಹಾಕಿದೆ. ಎರಡು ತುತ್ತಿಗೇ ಕೈ ತೊಳೆಯುವಳು. ತೋಳು ಸಣ್ಣಗಾಗಿ ಬಳೆ ಮೊಣಕೈಯವರೆಗೆ ಜಾರುತ್ತಿತ್ತು. ಉಪವಾಸ ಕೆಡವಬೇಡಿ ಎಂದಿದ್ದರಲ್ಲ, ನನಗೆ ಹೆದರಿಕೆಯಾಯಿತು. ಆಗ ಕಣ್ಣಿಗೆ ಬಿದ್ದದ್ದು ಆಯಿ ಊರಿನಿಂದ ತಂದಿದ್ದ ಸೈಂಧವದ ಡಬ್ಬಿ.

ನಮ್ಮ ಮನೆಗಳಲ್ಲಿ ಏಕಾದಶಿಯ ದಿನ ಉಪ್ಪು ಮುಟ್ಟುವುದಿಲ್ಲ. ಆದರೆ ಸೈಂಧವ ನಡೆಯುತ್ತದೆ. ಕಲ್ಲಿನಂಥ ಆ ಗುಲಾಬಿ ಹರಳನ್ನು ಕುಟ್ಟಿ ಫಲಾಹಾರಕ್ಕೆ ಹಾಕಿ ತಿಂದು, ಇವತ್ತು ಉಪ್ಪು ಬಿಟ್ಟಿದ್ದೇನೆ ಎಂದು ನೆಮ್ಮದಿಯಿಂದ ಹೇಳುತ್ತಾರೆ. ಹಾಗೆ ಹೇಳುವುದನ್ನು ಕೇಳುತ್ತಲೇ ಬೆಳೆದವಳು ನಾನು. ವಿಜ್ಞಾನದ ಪಾಠ ಮಾಡುವವಳಾದರೂ ಅದು ಉಪ್ಪು ಎಂದು ಒಮ್ಮೆಯೂ ಹೊಳೆಯಲಿಲ್ಲ. ಏಕಾದಶಿ ನಿಂತು ಡಬ್ಬಿ ಸುಮ್ಮನೆ ಕೂತಿತ್ತು. ಸಾರಿಗೆ ಒಂದು ಚಮಚ ಹಾಕಿದೆ. ಆಯಿ ಆ ದಿನ ಎರಡನೇ ಸಲ ಅನ್ನ ಹಾಕಿಸಿಕೊಂಡಳು. ನನಗಾದ ಸಂತೋಷ ಅಷ್ಟಿಷ್ಟಲ್ಲ. ಅಂದಿನಿಂದ ದಿನವೂ ಹಾಕಿದೆ.

ಒಂದು ವಾರ ಕಳೆದಿರಬೇಕು. ಆಯಿ ಪಾದ ಒತ್ತಿಕೊಳ್ಳುತ್ತ ಹೇಳಿದಳು: "ಸೈಂಧವ ಹಾಕಿದ್ ದಿನ ಕಾಲು ಬಾತಂಗೆ ಆಗ್ತು, ತಂಗಿ."

ಮಗಳನ್ನು ತಂಗಿ ಎಂದು ಕರೆಯುವುದು ನಮ್ಮಲ್ಲಿ ಮುದ್ದಿನ ರೂಢಿ. ನಾನು ಮುದ್ದು ಮಾಡಿಸಿಕೊಳ್ಳುವ ಹೊತ್ತಿನಲ್ಲಿರಲಿಲ್ಲ. ಶಾಲೆಯ ಬೆಲ್ಲಿಗೆ ತಡವಾಗಿತ್ತು. "ಸೈಂಧವ ಉಪ್ಪಲ್ಲ ಆಯಿ. ನಲವತ್ತು ವರ್ಷ ಏಕಾದಶಿಗೆ ನೀನೇ ತಿಂದಿದ್ದೆ ಅಲ್ದ? ಈಗೆಂತ ಹೊಸ ಶಾಸ್ತ್ರ?" ಎಂದು ಚಪ್ಪಲಿ ಮೆಟ್ಟಿ ಹೊರಟೆ. ಆಮೇಲೆ ಆಯಿ ಆ ಮಾತು ಎತ್ತಲಿಲ್ಲ.

ಗಿರಣಿಯ ಮುಳ್ಳು ಏರತೊಡಗಿತು. ಟೇಪಿನ ಅಳತೆಯೂ ಹೆಚ್ಚುತ್ತ ಬಂತು. ತಿಂಗಳ ಪರೀಕ್ಷೆಗೆ ಶಿರಸಿಗೆ ಹೋದಾಗ ಡಾಕ್ಟರು "ಉಪ್ಪು ಹಾಕ್ತೀರೇನು?" ಎಂದು ಕೇಳಿದರು. "ಇಲ್ಲವೇ ಇಲ್ಲ" ಎಂದೆ. ಎದೆ ಮುಟ್ಟಿ ಹೇಳಿದ ಮಾತು. "ಹಂಗಾರ ಉಪ್ಪಿನಕಾಯಿ ಹಪ್ಪಳ ಏನರ?" ಎಂದರು. ನಾನು ತಿರುಗಿ ಆಯಿಯನ್ನು ನೋಡಿದೆ. ಶಾಲೆಯಲ್ಲಿ ಕಳ್ಳತನ ಮಾಡಿದ ಹುಡುಗರನ್ನು ನೋಡುತ್ತಿದ್ದೆನಲ್ಲ, ಅದೇ ನೋಟ. "ಮಿಡಿ ಉಪ್ಪಿನಕಾಯಿ ಅಂದರೆ ಇವಳಿಗೆ ಪ್ರಾಣ ಡಾಕ್ಟರೇ, ನಾನು ಶಾಲೆಗೆ ಹೋದ ಮೇಲೆ ಏನು ಮಾಡುತ್ತಾಳೋ" ಎಂದುಬಿಟ್ಟೆ. ಆಯಿ ಸೆರಗು ಸರಿ ಮಾಡಿಕೊಂಡಳು.

ಅಷ್ಟಕ್ಕೇ ಬಿಡಬಹುದಿತ್ತು. ಬಿಡಲಿಲ್ಲ. ಮನೆಗೆ ಬಂದವಳೇ ಅವಳ ಟ್ರಂಕನ್ನು ಎಳೆದು ತೆಗೆದೆ.

"ಎಲ್ಲಿಟ್ಟಿದ್ದೆ ಹೇಳು."

"ಎಂತದ್ನ?"

"ಉಪ್ಪಿನಕಾಯಿನ."

"ಆನು ತಿಂದಿದ್ನಿಲ್ಲೆ."

ಸೀರೆಗಳನ್ನು ಒಂದೊಂದಾಗಿ ಕೊಡವಿದೆ. ಒಂದು ಕಲ್ಲುಸಕ್ಕರೆಯ ಪೊಟ್ಟಣ, ಅಪ್ಪಯ್ಯನ ಕನ್ನಡಕ, ಇಷ್ಟೇ. ಸಾಲದ್ದಕ್ಕೆ ಪಕ್ಕದ ಮನೆಗೆ ಹೋಗಿ, ಇವಳು ಬಂದು ಉಪ್ಪಿನಕಾಯಿ ಕೇಳಿದರೆ ಕೊಡಬೇಡಿ ಎಂದು ಹೇಳಿ ಬಂದೆ. ಹೊಟ್ಟೆಯಲ್ಲಿ ನೀರು ತುಂಬಿದ ಆ ಜೀವ ಮಂಚದ ಅಂಚಿನಲ್ಲಿ ಕೂತು ಎಲ್ಲವನ್ನೂ ನೋಡಿತು. ಮರುದಿನ ಬೆಳಿಗ್ಗೆಯೂ ಅವಳು ಸಾಲು ಬರೆದಳು. ನಾನು ಸರಿ ಎಳೆದೆ. ಸಾರಿಗೆ ಸೈಂಧವ ಹಾಕಿಟ್ಟು ಶಾಲೆಗೆ ಹೋದೆ.

ಮೂರು ವಾರಕ್ಕೆ ಮತ್ತೆ ನೀರು ತೆಗೆಯುವ ಸ್ಥಿತಿ ಬಂತು. ಆಯಿ ಮಲಗಿದ್ದಳು, ಹೊಟ್ಟೆಗೆ ಚುಚ್ಚಿದ ಸೂಜಿಯಿಂದ ನಳಿಗೆಯಲ್ಲಿ ಹಳದಿ ನೀರು ಇಳಿಯುತ್ತಿತ್ತು. ಹತ್ತಿರವೇ ಸ್ಟೂಲಿನ ಮೇಲೆ ಕೂತ ಡಾಕ್ಟರು ಕೈ ನಡುಕದ ಲಕ್ಷಣವೇನಾದರೂ ಇದೆಯೇ ನೋಡಲು ನೋಟ್‌ಬುಕ್ಕು ತೆರೆದರು. ಅವರು ನನ್ನ ಹಾಗಲ್ಲ, ಓದಿದರು. ಮೊದಲು ಮನಸ್ಸಿನಲ್ಲಿ, ಆಮೇಲೆ ಗಟ್ಟಿಯಾಗಿ.

"ಇಂದು ಸಾರಿಗೆ ಸೈಂಧವ ಹಾಕಿದ್ದಾಳೆ. ರುಚಿಯಾಗಿತ್ತು. ಎರಡು ಸಲ ಉಂಡೆ."

"ಸೈಂಧವ ತಿಂದರೆ ನೀರಡಿಕೆ ಹೆಚ್ಚು. ಕಾಲು ಬಾತಿದೆ."

"ಸೈಂಧವ ಬೇಡವೆಂದು ಹೇಳಿದೆ. ಸಿಟ್ಟು ಬಂತು ಅವಳಿಗೆ."

ಡಾಕ್ಟರು ತಲೆಯೆತ್ತಿದರು. "ಅದೂ ಉಪ್ಪೇರಿ. ನೀರು ಹಿಡಿಯೂದು ಅದೂ ಹಿಡೀತದ. ನಿಮ್ಮ ತಾಯಾರು ಇಲ್ಲೇ ಬರದಾರಲ್ರೀ." ಇನ್ನೊಂದು ಹಾಳೆ ತಿರುವಿ ಅಲ್ಲಿಯೇ ಕಣ್ಣು ನಿಲ್ಲಿಸಿದರು. ಪುಸ್ತಕವನ್ನು ನನ್ನ ಕಡೆ ತಿರುಗಿಸಿದರು. ಟ್ರಂಕು ಕೆದಕಿದ ಮರುದಿನದ ಪುಟ. ದುಂಡಗಿನ ಅಕ್ಷರದಲ್ಲಿ, "ನಾನು ಉಪ್ಪಿನಕಾಯಿ ತಿಂದಿಲ್ಲ." ಅದರ ಕೆಳಗೆ ಕೆಂಪು ಗುರುತು.

"ನೀವೇ ಸರಿ ಹಾಕೀರಲ್ರೀ ಅಕ್ಕಾರ" ಎಂದರು. ಅವರಿಗೆ ಚುಚ್ಚುವ ಉದ್ದೇಶವೇನೂ ಇದ್ದಂತಿರಲಿಲ್ಲ.

ಆಯಿ ಸೂರು ನೋಡುತ್ತ ಮಲಗಿದ್ದಳು. ನೆಲ ಬಾಯಿ ಬಿಡಬಾರದೇ ಎನ್ನಿಸಿತು. ಅವಳ ಕಾಲು ಹಿಡಿದುಕೊಳ್ಳಬೇಕಿತ್ತು, ಹಿಡಿಯಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಮಾತು ಆಡಿದವಳು ಅವಳೇ. "ಬೆಳಗಿಂದ ನೀನು ಎಂತೂ ತಿಂದಿದ್ದಿಲ್ಲೆ ಅಲ್ದ?" ಎಂದು ಕೇಳಿ, ಚೀಲದಿಂದ ಕಲ್ಲುಸಕ್ಕರೆಯ ಪೊಟ್ಟಣ ತೆಗೆದುಕೊಟ್ಟಳು. ನಾನು ಕಿಟಕಿಯ ಕಡೆ ಮುಖ ಮಾಡಿ ತಿಂದೆ.

ಸೈಂಧವ ನಿಲ್ಲಿಸಿದ ಮೇಲೆ ತೂಕ ಇಳಿದು ಒಂದು ಮಟ್ಟಕ್ಕೆ ನಿಂತಿತು. ಅಪ್ಪೆಮಿಡಿ ಮಾವಿನಕಾಯಿ ಬೇಯಿಸಿ ಹಿಂಡಿದ ಹುಳಿಗೆ ಇಂಗಿನ ಒಗ್ಗರಣೆ ಕೊಟ್ಟರೆ ಉಪ್ಪಿಲ್ಲದೆಯೂ ಅನ್ನ ಇಳಿಯುತ್ತದೆ ಎಂದು ಅವಳೇ ಹೇಳಿಕೊಟ್ಟಳು. ಮೊದಲೇ ಕೇಳಿದ್ದರೆ ಮೊದಲೇ ಹೇಳುತ್ತಿದ್ದಳು. ಆಮೇಲೆ ಎರಡೂವರೆ ವರ್ಷ ಬದುಕಿದಳು. ಒಂದು ದಿನವೂ ತಪ್ಪಾಯಿತು ಎಂದು ನಾನು ಹೇಳಲಿಲ್ಲ. ತೂಕ, ಟೇಪು, ಮಾತ್ರೆ, ಸ್ಕ್ಯಾನು ಎಲ್ಲವನ್ನೂ ಒಂದಿಷ್ಟೂ ತಪ್ಪದೆ ನೋಡಿಕೊಂಡೆ. ಕ್ಷಮೆ ಕೇಳುವ ಬದಲಿಗೆ ಅದನ್ನು ಮಾಡುತ್ತಿದ್ದೇನೆಂದು ನನಗೆ ಗೊತ್ತಿತ್ತು.

ಶಿರಸಿಯಿಂದ ಬಂದ ಮರುದಿನ ನಾನು ಪೆನ್ನು ಕೆಳಗಿಟ್ಟು, ಅವಳು ಬರೆದದ್ದನ್ನು ಓದಲು ಪುಸ್ತಕ ಎತ್ತಿಕೊಂಡೆ. ತಾರೀಖು, ಅದರ ಪಕ್ಕ ಅವಳ ಹೆಸರು. ಅಷ್ಟೇ ಇತ್ತು. ಅದರ ಮರುದಿನವೂ ಅಷ್ಟೇ. ತಿಂಗಳಾದ ಮೇಲೆ ತಡೆಯಲಾರದೆ ಕೇಳಿದೆ: "ಎಂತಕ್ಕೆ ಆಯಿ, ಈಗ ಎಂತದೂ ಬರಿಯದಿಲ್ಲೆ ನೀನು?"

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಅಕ್ಷರ ನೋಡಲೆ ಹೆಸ್ರು ಸಾಕಲ, ತಂಗಿ" ಅಂದಳು.

ಪುಸ್ತಕವನ್ನು ನನ್ನ ಕಡೆ ಸರಿಸಿ, ಕೆಂಪು ಪೆನ್ನನ್ನು ತಾನೇ ಹುಡುಕಿ ಕೊಟ್ಟಳು.