ತಪ್ಪು ಫ್ಯಾನಿನದಲ್ಲ, ಸುಜಾತ

ಆ ಮೊಟ್ಟೆಗಳು ಕೆಟ್ಟದ್ದು ನಿನ್ನ ಫ್ಯಾನಿನಿಂದಲ್ಲ, ಸುಜಾತ. ನಾನು ಜೋಡಿಸಿಕೊಟ್ಟ ಸೋಲಾರ್‌ನಿಂದ. ಅದು ನನಗೆ ಅಂದೇ ಗೊತ್ತಿತ್ತು — ನಿಮ್ಮ ಅಂಗಳದಲ್ಲಿ ಎಲ್ಲರ ಮುಂದೆ ನಿನ್ನನ್ನು ತಪ್ಪಿತಸ್ಥಳನ್ನಾಗಿ ಮಾಡುವಾಗಲೂ ಗೊತ್ತಿತ್ತು. ಇಷ್ಟನ್ನು ಹೇಳಲು ಇಷ್ಟು ವರ್ಷ ಏಕೆ ಬೇಕಾಯಿತು ಎಂದು ಯೋಚಿಸಲು ಕುಳಿತರೆ ಕುಳಿತಲ್ಲಿ ಇರಲಾಗುವುದಿಲ್ಲ. ಎದ್ದು ಅಂಗಡಿಯ ಒಳಗೂ ಹೊರಗೂ ಸುಮ್ಮನೆ ಓಡಾಡುತ್ತೇನೆ. ಗಿರಾಕಿ ಬಂದು ಏನು ಕೇಳಿದನೆಂಬುದೂ ಕಿವಿಗೆ ಬೀಳುವುದಿಲ್ಲ.

ಆಗ ಕೊಡಿಗೇನಹಳ್ಳಿಯಲ್ಲಿ ನನ್ನ ಬ್ಯಾಟರಿ ಅಂಗಡಿ ಹೊಸದು. ನಿನ್ನ ಅತ್ತೆ ನರಸಮ್ಮ ಯಾರೋ ಹೇಳಿದರೆಂದು ಹುಡುಕಿಕೊಂಡು ಬಂದರು. ವಳ್ಳೂರಿನ ಆಚೆ ಹೊಲದ ನಡುವೆ ನಿಮ್ಮ ಮನೆ. ಮಾಳಿಗೆ ಹತ್ತಿದರೆ ಸೋಲಾರ್ ಪಾರ್ಕಿನ ಪ್ಯಾನೆಲ್ಲುಗಳು ಕಣ್ಣು ಹಾಯುವವರೆಗೂ ಹಾಸಿಕೊಂಡಿವೆ. ನಿಮ್ಮ ಮನೆಗೆ ಮಾತ್ರ ಕರೆಂಟ್ ಲೈನ್ ಬಂದಿರಲಿಲ್ಲ. ನಾಟಿ ಕೋಳಿ ಮೊಟ್ಟೆಗೆ ಕಾವು ಕೊಟ್ಟು ಮರಿ ಮಾಡುವ ಪೆಟ್ಟಿಗೆಯೊಂದನ್ನು ನರಸಮ್ಮ ತಂದಿಟ್ಟುಕೊಂಡಿದ್ದರು. ಊರಿನ ಹೆಂಗಸರು ಮೊಟ್ಟೆ ಕೊಡುವುದು, ಮರಿಯಾದ ಮೇಲೆ ಪಾಲು ಹಂಚಿಕೊಳ್ಳುವುದು ಎಂದು ಮಾತಾಗಿತ್ತು.

"ಕಾವು ಆರ್‌ಬಾರ್ದು ಗಂಗಣ್ಣ. ಹಗ್ಲೂ ರಾತ್ರೀನೂ ಪೆಟ್ಗೆ ಬೆಚ್ಗಿರ್ಬೇಕು. ಅದೊಂದ್ ನೋಡ್ಕೊಂಬುಡು, ಮಿಕ್ಕಿದ್ದು ನಾನ್ ನೋಡ್ಕಂತೀನಿ," ಎಂದರು.

ಯುಗಾದಿಯೊಳಗೆ ಹಾಕಿಕೊಡುತ್ತೇನೆ ಎಂದು ಜಂಬದಿಂದ ಮಾತು ಕೊಟ್ಟೆ. ಆ ಕೆಲಸಕ್ಕೆ ಹನ್ನೆರಡು ವೋಲ್ಟಿನ ಬ್ಯಾಟರಿಗೆ ಹೊಂದುವ ಎರಡು ಸಣ್ಣ ಪ್ಯಾನೆಲ್ ಬೇಕಿತ್ತು. ಹಬ್ಬದ ಮುಂಚೆ ಅವು ಎಲ್ಲಿಯೂ ಸಿಗಲಿಲ್ಲ. ಹಿಂದೂಪುರದ ವ್ಯಾಪಾರಿಯೊಬ್ಬರ ಬಳಿ ಒಂದೇ ಒಂದು ದೊಡ್ಡ ಪ್ಯಾನೆಲ್ ಉಳಿದಿತ್ತು, ಅದನ್ನೇ ತಂದೆ. ದೊಡ್ಡದಾದರೆ ಒಳ್ಳೆಯದೇ ಅಲ್ಲವೇ ಎಂದು ನೋಡಿದವರು ಅಂದುಕೊಳ್ಳುತ್ತಾರೆ. ಅಲ್ಲ. ಅದರ ವೋಲ್ಟೇಜು ಬ್ಯಾಟರಿಯದಕ್ಕಿಂತ ಬಹಳ ಹೆಚ್ಚು. ಆ ಹೆಚ್ಚಿನದನ್ನು ಬ್ಯಾಟರಿಗೆ ಬೇಕಾದ ಕರೆಂಟಾಗಿ ಬದಲಿಸಿಕೊಡುವ ಕಂಟ್ರೋಲರ್ ಬೇರೆ ಇರುತ್ತದೆ. ನನ್ನ ಬಳಿ ಇದ್ದದ್ದು ಸಾಧಾರಣದ್ದು — ಪ್ಯಾನೆಲ್ಲನ್ನು ಬ್ಯಾಟರಿಗೆ ತಗಲಿಸಿ, ತುಂಬಿದಾಗ ತಡೆಯುವುದಷ್ಟೇ ಅದರ ಕೆಲಸ. ಅದರ ಮೂಲಕ ಹರಿಸಿದರೆ ಪ್ಯಾನೆಲ್ಲಿನ ಅರ್ಧಕ್ಕೂ ಹೆಚ್ಚು ಶಕ್ತಿ ಬ್ಯಾಟರಿಯನ್ನು ಸೇರುವುದೇ ಇಲ್ಲ. ನಾನು ಕಲಿತ ಮೊದಲ ಪಾಠಗಳಲ್ಲಿ ಇದೂ ಒಂದು.

ಆದರೂ ಹಾಕಿದೆ. ಸರಿಯಾದ ಕಂಟ್ರೋಲರ್ ಆಮೇಲೆ ತಂದು ಬದಲಿಸಿದರಾಯಿತು ಎಂದುಕೊಂಡೆ. "ಇಷ್ಟ್ ದೊಡ್ ಪ್ಲೇಟಾ?" ಎಂದು ನಿನ್ನ ಅತ್ತೆ ಹಿಗ್ಗಿದಾಗ, ಹೌದೆಂದು ತಲೆಯಾಡಿಸಿದೆ.

ಬೇಸಿಗೆಯಲ್ಲಿ ಎಲ್ಲ ಚೆನ್ನಾಗಿಯೇ ನಡೆಯಿತು. ಪಾವಗಡದ ಆ ಬಿಸಿಲಿನಲ್ಲಿ ಪೆಟ್ಟಿಗೆಗೆ ಕಾವು ಬೇಕಾದದ್ದೇ ಕಡಿಮೆ. ಮೊದಲ ಸಲದ ಮರಿಗಳು ಅಂಗಳದ ತುಂಬ ಓಡಾಡಿದವು. ನಾನು ಒಮ್ಮೆ ನೋಡಿಕೊಂಡು ಹೋಗಲು ಬಂದೆ. ಆ ಸಲ ನೀನೊಬ್ಬಳೇ ಮನೆಯಲ್ಲಿದ್ದೆ. ಐದಾರು ತಿಂಗಳ ಬಸುರಿ, ಗೋಡೆಗೊರಗಿ ರಟ್ಟಿನ ತುಂಡಿನಿಂದ ಗಾಳಿ ಬೀಸಿಕೊಳ್ಳುತ್ತಿದ್ದೆ. ತವರಿನಿಂದ ತಂದಿದ್ದ ಸಣ್ಣ ಫ್ಯಾನೊಂದನ್ನು ತೋರಿಸಿ, ಇದನ್ನು ಬ್ಯಾಟರಿಗೆ ಹಾಕಬಹುದಾ ಅಣ್ಣ, ಅತ್ತಮ್ಮ ಬೈತಾರೇನೋ ಎಂದು ಕೇಳಿದೆ. ನಾನೇ ಅದಕ್ಕೆ ವೈರ್ ಎಳೆದುಕೊಟ್ಟೆ. "ಹಾಕ್ಕೋ ಕಣಮ್ಮ, ಒಂದು ಬಲ್ಬಿನಷ್ಟೂ ಎಳೆಯಲ್ಲ, ಏನೂ ಆಗಲ್ಲ," ಎಂದೆ. ಅದು ನಿಜವಾದ ಮಾತೇ.

ಅವತ್ತೇ ಬ್ಯಾಟರಿಯ ಆಸಿಡ್ ಅಳೆದು ನೋಡಿದ್ದೆ. ಅಷ್ಟು ಬಿಸಿಲಿದ್ದೂ ಬ್ಯಾಟರಿ ಪೂರ್ತಿ ಚಾರ್ಜ್ ಆಗಿರಲಿಲ್ಲ — ಹಾಕಿದ ದಿನದಿಂದ ಒಮ್ಮೆಯೂ ತುಂಬಿರಲಿಕ್ಕಿಲ್ಲ. ಅರ್ಧಹೊಟ್ಟೆಯಲ್ಲಿ ದುಡಿಯುವ ಬ್ಯಾಟರಿ ಹೆಚ್ಚು ಕಾಲ ಬಾಳುವುದಿಲ್ಲ. ಬರುವ ವಾರ ಬಂದು ಸರಿಮಾಡಬೇಕು ಎಂದುಕೊಂಡೆ. ಬರಲಿಲ್ಲ. ಮಧುಗಿರಿಯಲ್ಲಿ ಕೆಲಸ, ಕೊರಟಗೆರೆಯಲ್ಲಿ ಕೆಲಸ… ಬರಬಹುದಿತ್ತು, ಸುಜಾತ. ಬಂದು ಬದಲಿಸಿದರೆ ಮೊದಲು ಹಾಕಿದ್ದು ತಪ್ಪೆಂದು ಒಪ್ಪಿಕೊಂಡಂತಾಗುತ್ತದೆ — ಅದಕ್ಕೇ ಬರಲಿಲ್ಲ.

ಮುಂಗಾರಿನ ಮೋಡ ಕವಿಯಿತು. ಮಳೆಯೂ ಇಲ್ಲ, ಬಿಸಿಲೂ ಇಲ್ಲ, ಹಗಲೆಲ್ಲ ಸೆಖೆ, ರಾತ್ರಿ ತಣ್ಣನೆ ಗಾಳಿ. ಒಂದು ಬೆಳಿಗ್ಗೆ ನಿನ್ನ ಗಂಡ ಓಬಳೇಶ ಫೋನ್ ಮಾಡಿದ. ನಾನು ಬಂದಾಗ ಪೆಟ್ಟಿಗೆಯ ಬಾಗಿಲು ತೆರೆದೇ ಇತ್ತು. ಇನ್ನೇನು ಒಡೆಯಬೇಕಿದ್ದ ಮೊಟ್ಟೆಗಳು. ಕೆಲವು ಮರಿಗಳು ಚಿಪ್ಪಿಗೆ ತೂತು ಮಾಡಿ, ಕೊಕ್ಕು ಹೊರಗೆ ಚಾಚಿ, ಹಾಗೆಯೇ ತಣ್ಣಗಾಗಿದ್ದವು. ಮೊಟ್ಟೆ ಕೊಟ್ಟ ಹೆಂಗಸರು ಅಂಗಳದಲ್ಲಿ ನಿಂತಿದ್ದರು. ನಾನು ಬ್ಯಾಟರಿಯ ಮುಚ್ಚಳ ತೆಗೆದು ನೋಡಿದೆ. ನೋಡುವ ಅಗತ್ಯವೇ ಇರಲಿಲ್ಲ, ಅದು ಸತ್ತಿತ್ತು.

"ಯಾಕಿಂಗಾಯ್ತು ಗಂಗಣ್ಣ?" ಎಂದರು ನರಸಮ್ಮ.

ನನ್ನ ಅಂಗಡಿ, ನನ್ನ ಹೆಸರು, ಈ ಹೆಂಗಸರು ನಾಳೆ ಊರೂರಿಗೆ ಒಯ್ಯುವ ಮಾತು — ಎಲ್ಲವೂ ಒಟ್ಟಿಗೆ ಕಣ್ಣ ಮುಂದೆ ಬಂತು. ಕಿಟಕಿಯೊಳಗೆ ಆ ಫ್ಯಾನು ಕಾಣಿಸಿತು.

"ಬ್ಯಾಟರಿಗೆ ಫ್ಯಾನ್ ಹಾಕಿದ್ದೀರಲ್ಲಮ್ಮ. ಅದೇ ಎಲ್ಲಾ ಎಳ್ಕೊಂಡುಬಿಟ್ಟಿದೆ."

ಎಲ್ಲರೂ ನಿನ್ನತ್ತ ತಿರುಗಿದರು. ನೀನು ನನ್ನ ಮುಖವನ್ನೇ ನೋಡಿದೆ. "ಅವತ್ತು ನೀವೇ ಅಣ್ಣ…" ಎಂದು ಶುರುಮಾಡಿ ನಿಲ್ಲಿಸಿದೆ. ನಾನೇ ಹೇಳಲೆಂದು ನೀನು ಕಾಯುತ್ತಿದ್ದೆ ಎಂದು ಕಾಣುತ್ತದೆ. ನಾನು ಬಗ್ಗಿ ಸ್ಕ್ರೂ ತಿರುಗಿಸತೊಡಗಿದೆ. ಆಮೇಲೆ ನಿನ್ನ ದನಿ ಕೇಳಿಸಿತು: "ನಂದೇ ತಪ್ಪು ಅತ್ತಮ್ಮ. ಗೊತ್ತಾಗ್ಲಿಲ್ಲ."

"ನಿಂಗೊಬ್ಳಿಗೇ ಸೆಕೆಯೇನೇ?" ಎಂದರು ನರಸಮ್ಮ. ಮುಂದೆ ಅವರು ಹೇಳಿದ್ದನ್ನು ನಾನು ಇಲ್ಲಿ ಮತ್ತೆ ಹೇಳಲಾರೆ. ನಿನಗೆ ನೆನಪಿದ್ದೇ ಇರುತ್ತದೆ.

ವಾರದೊಳಗೆ ಹೊಸ ಬ್ಯಾಟರಿ ತಂದೆ. ಯಾರಿಗೂ ಹೇಳದೆ ಕಂಟ್ರೋಲರನ್ನೂ ಬದಲಿಸಿದೆ, ಸರಿಯಾದದ್ದನ್ನು ಹಾಕಿದೆ. ಪಾಪ ಎಂದು ನನ್ನ ಕೈಯಿಂದಲೇ ದುಡ್ಡು ಹಾಕಿ ಕೊಡುತ್ತಿದ್ದೇನೆ ಎಂದೆ. ನರಸಮ್ಮನವರ ಕಣ್ಣು ತುಂಬಿತು. "ಗಂಗಣ್ಣನಂತೋನು ಇನ್ನೊಬ್ಬನಿಲ್ಲ" ಎಂದು ಕಂಡಕಂಡವರಿಗೆಲ್ಲ ಹೇಳಿದರು. ಕ್ಯಾತಗಾನಚೆರ್ಲಿನಿಂದಲೂ ಜನ ನನ್ನನ್ನು ಹುಡುಕಿಕೊಂಡು ಬರತೊಡಗಿದರು. ನೀನು ಫ್ಯಾನನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟದ ಮೇಲಿಟ್ಟು, ಹೆರಿಗೆಗೆ ತವರಿಗೆ ಹೋಗುವವರೆಗೂ ಆ ರಟ್ಟಿನಲ್ಲೇ ಬೀಸಿಕೊಂಡೆ ಎಂದು ಓಬಳೇಶ ಹೇಳಿದ. ಹೇಳಿಕೊಂಡು ನಕ್ಕ. ನಾನೂ ನಕ್ಕೆ — ಹೌದು, ನಕ್ಕೆ.

ಈ ಬೇಸಿಗೆಯಲ್ಲಿ ಬ್ಯಾಟರಿಗೆ ನೀರು ಹಾಕಲು ಬಂದಿದ್ದೆ. ಪೆಟ್ಟಿಗೆ ನಡೆಯುತ್ತಿತ್ತು. ನಿನ್ನ ಮಗಳು, ಶಾಲೆಗೆ ಹೋಗುವಷ್ಟು ಬೆಳೆದವಳು, ಅಟ್ಟದಿಂದ ಹಳೆಯ ಫ್ಯಾನು ಇಳಿಸಿಕೊಂಡು ಬಂದು ವೈರು ಸಿಕ್ಕಿಸಲು ಹೋದಳು. ನೀನು ಅಡುಗೆ ಬಿಟ್ಟು ಓಡಿಬಂದು ಅವಳ ಕೈ ಹಿಡಿದೆ. "ಬ್ಯಾಡ ಕಣೇ. ಮರಿ ಸಾಯ್ತವೆ," ಎಂದೆ. ನಿನ್ನ ಮುಖದಲ್ಲಿ ಕೋಪವಿರಲಿಲ್ಲ, ಭಯವಿತ್ತು. ಇಷ್ಟು ವರ್ಷ ನೀನು ನನ್ನ ಸುಳ್ಳನ್ನು ನಂಬಿಕೊಂಡೇ ಬದುಕಿದ್ದೀಯ. ಈಗ ಅದನ್ನು ಮಗಳಿಗೂ ಕಲಿಸುತ್ತಿದ್ದೀಯ. ಆಗಲೂ ಬಾಯಿ ತೆರೆಯದೆ ಬೈಕ್ ಹತ್ತಿದೆ. ಕೊಡಿಗೇನಹಳ್ಳಿಯ ಹತ್ತಿರ ಬಂದ ಮೇಲೆ, ಬ್ಯಾಟರಿಯ ಮುಚ್ಚಳ ಹಾಕಿದೆನೋ ಇಲ್ಲವೋ ನೆನಪಾಗಲಿಲ್ಲ. ಅದೇ ನೆವ ಮಾಡಿಕೊಂಡು ಮರುದಿನ ತಿರುಗಿ ಬಂದೆ.

ನೀನು ಪಾವಗಡಕ್ಕೆ ಹೋಗಿದ್ದೆ. ನರಸಮ್ಮ ಜಗಲಿಯ ಮೇಲೆ ಕಡಲೆಕಾಯಿ ಬಿಡಿಸುತ್ತಿದ್ದರು. ನಿಂತೇ ಎಲ್ಲ ಹೇಳಿದೆ. ಪ್ಯಾನೆಲ್ಲು, ಕಂಟ್ರೋಲರು, ಫ್ಯಾನಿಗೆ ವೈರ್ ಎಳೆದುಕೊಟ್ಟದ್ದು — ಎಲ್ಲವನ್ನೂ. ಅವರ ಕೈ ನಿಂತಿತು. ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಹಗುರಾಗುತ್ತಿತ್ತೇನೋ.

"ಆವತ್ತೇ ಹೇಳಿದ್ರೆ ನಿಂಗೆ ನಾಕ್ ಮಾತಾಡಿ ಸುಮ್ಕಾಗ್ತಿದ್ದೆ," ಎಂದರು ಕೊನೆಗೆ. "ಬಸ್ರಿ ಹೆಣ್ಮಗ್ಳಿಗೆ ಅಂದ್ಬುಟ್ನಲ್ಲೋ… ಅದ್ನ ಈಗ ಎಂಗ್ ವಾಪಸ್ ತಗಳ್ಳಿ?"

ನಿನ್ನೊಬ್ಬಳಿಗೆ ಅನ್ಯಾಯ ಮಾಡಿದ್ದೇನೆ ಎಂದುಕೊಂಡಿದ್ದೆ. ಆ ಮುದುಕಿಯ ಬಾಯಿಂದ ಆ ಮಾತುಗಳನ್ನು ಆಡಿಸಿದವನೂ ನಾನೇ.

"ಅವ್ಳಿಗೆ ನೀನೇ ಹೇಳು. ಯಾರ್‌ಯಾರ್ ಮುಂದೆ ಅವ್ಳ ತಲೆ ತಗ್ಗಿಸ್ದ್ಯೋ ಅವ್ರ ಮುಂದೇನೇ ಹೇಳು. ಭಾನ್ವಾರ ಬಾ, ಕರಿಸ್ತೀನಿ," ಎಂದು ಅವರು ಒಳಗೆ ಹೋದರು.

ನಾಳೆ ಭಾನುವಾರ. ಹೇಳಬೇಕಾದ ಮಾತುಗಳನ್ನು ಇಡೀ ದಿನ ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದೇನೆ. ಪ್ರತಿ ಸಲವೂ ಎಲ್ಲಿಂದಲೋ ಒಂದು ನೆವ ನುಸುಳುತ್ತದೆ — ಅಂಗಡಿ ಹೊಸದಿತ್ತು, ಸಾಮಾನು ಸಿಗಲಿಲ್ಲ, ನೀನಾದರೂ ಹೇಳಬಹುದಿತ್ತು. ತೆಗೆದುಹಾಕುತ್ತೇನೆ. ಮತ್ತೆ ನುಸುಳುತ್ತದೆ. ಎಲ್ಲ ತೆಗೆದ ಮೇಲೆ ಉಳಿಯುವುದು ಇಷ್ಟೇ: ನನಗೆ ಗೊತ್ತಿತ್ತು, ಸುಳ್ಳು ಹೇಳಿದೆ, ನೀನು ನನ್ನ ಮುಖ ನೋಡಿದಾಗ ತಲೆ ಬಗ್ಗಿಸಿದೆ.

ಕ್ಷಮಿಸು ಎಂದು ನಾಳೆ ಕೇಳುವುದಿಲ್ಲ. ಆ ಹೆಂಗಸರ ಎದುರು ಹಾಗೆ ಕೇಳಿ, ಆಯಿತು ಬಿಡಿ ಅಣ್ಣ ಎಂದು ನಿನ್ನ ಬಾಯಿಂದ ಹೇಳಿಸಿಕೊಂಡರೆ, ಅದೂ ನಿನ್ನಿಂದ ಕಿತ್ತುಕೊಂಡಂತೆಯೇ. ನೀನು ಏನನ್ನೂ ಹೇಳಬೇಕಾಗಿಲ್ಲ. ನಾನು ಹೇಳಿ ಮುಗಿಸುವವರೆಗೆ ಒಳಗೆ ಹೋಗದೆ ನಿಂತಿರು, ಸುಜಾತ. ಈ ಸಲ ನಾನು ತಲೆಯೆತ್ತಿ ಹೇಳುತ್ತೇನೆ.