ಪೆಟ್ಟಿಗೆ ಕಲಿತ ವಾಸನೆ

ಸಾವಿತ್ರಿಬಾಯಿ ಕಲಬುರಗಿಯ ನಮ್ಮ ರಸಾಯನಶಾಸ್ತ್ರ ವಿಭಾಗಕ್ಕೆ ಸಂಶೋಧನೆಗೆಂದು ಸೇರಿದ್ದು ತೊಂಬತ್ತೈದರಲ್ಲಿ. ಕಮಲಾಪುರದ ಗುಂಡಣ್ಣನವರ ಒಬ್ಬಳೇ ಮಗಳು. ಅವಳು ಕಟ್ಟುತ್ತಿದ್ದುದು ಒಂದು ಪೆಟ್ಟಿಗೆ, ಒಳಗೆ ಎಂಟು ಸೆನ್ಸರುಗಳ ಸಾಲು. ಒಂದೊಂದೂ ಎಲ್ಲ ಅನಿಲಕ್ಕೂ ಅಷ್ಟಿಷ್ಟು ಮಿಡಿಯುತ್ತಿತ್ತು, ಒಂದನ್ನೇ ನಂಬುವಂತಿರಲಿಲ್ಲ. ಎಂಟನ್ನೂ ಕೂಡಿಸಿ ಓದಿದರೆ ಬಾಳೆಹಣ್ಣು ಹೊಗೆಯಲ್ಲಿ ಮಾಗಿದ್ದೋ ಕಾರ್ಬೈಡ್ ಪುಡಿಯಲ್ಲೋ ತಿಳಿಯಬೇಕು. ನಾವು ಅದನ್ನು ‘ಸಾವಿತ್ರಿಯ ಮೂಗು’ ಎಂದು ಚುಡಾಯಿಸುತ್ತಿದ್ದೆವು. ಮೂಗಿಗೂ ಮೊದಲು ಕಲಿಸಬೇಕು ಎನ್ನುತ್ತಿದ್ದಳು ಅವಳು, ನಗದೆ.

ಶುದ್ಧ ಹಣ್ಣಿನ ಗುರುತು ಕಲಿಸಿಬಿಟ್ಟರೆ ಅದಕ್ಕೆ ಹೊಂದದ್ದೆಲ್ಲ ಕಲಬೆರಕೆ ಎಂದು ಅವಳ ಲೆಕ್ಕ. ಶುದ್ಧ ಹಣ್ಣಿಗಾಗಿ ಬೇರೆಲ್ಲೂ ಹುಡುಕಲಿಲ್ಲ. ಅಪ್ಪ ಕೆಂಪು ಬಾಳೆಯ ಗೊನೆಗಳನ್ನು ನೆಲದಲ್ಲಿ ತೋಡಿದ ಕುಣಿಯಲ್ಲಿಟ್ಟು, ಸಗಣಿಯ ಕುಳ್ಳಿನ ಹೊಗೆ ಊದಿ ಮಾಗಿಸುವುದನ್ನು ನೋಡುತ್ತಲೇ ಬೆಳೆದವಳು. ಸಂತೆಯ ದಿನ ಬಸ್ಸಿನಲ್ಲಿ ಊರಿಗೆ ಹೋಗಿ ಅವರ ಹಣ್ಣು ತಂದು ಪೆಟ್ಟಿಗೆಗೆ ತೋರಿಸುತ್ತಿದ್ದಳು.

ಪ್ರಬಂಧ ಒಪ್ಪಿಸುವ ಮುಂಚೆ ಕೊನೆಯ ಪರೀಕ್ಷೆ. ನಾವೇ ಪುಡಿ ಹಾಕಿ ಮಾಗಿಸಿದ ಹಣ್ಣನ್ನು ಪೆಟ್ಟಿಗೆ ಶುದ್ಧ ಎಂದಿತು. ಶರಣಸಿರಸಗಿಯ ರೈತನೊಬ್ಬ ಹೊಗೆ ಕೊಟ್ಟ ಹಣ್ಣನ್ನು ಕಲಬೆರಕೆ ಎಂದಿತು. ಅವಳು ಸೆನ್ಸರುಗಳನ್ನೆಲ್ಲ ಬಿಚ್ಚಿ ನೋಡಿದಳು, ಒಂದೂ ಕೆಟ್ಟಿರಲಿಲ್ಲ. ಅನುಮಾನಿಸಲು ಉಳಿದದ್ದು ಅಪ್ಪನ ಹಣ್ಣೊಂದೇ.

ಕಮಲಾಪುರಕ್ಕೆ ನಾನೂ ಜೊತೆಗೆ ಹೋದೆ. ಗುಂಡಣ್ಣನವರು ಕಟ್ಟೆಯ ಮೇಲೆ ಏದುಸಿರು ಬಿಡುತ್ತ ಕುಳಿತಿದ್ದರು. ಕುಣಿಗೆ ಹೊಗೆ ಹಾಕುವುದನ್ನು ಯಾವಾಗ ಬಿಟ್ಟೆ ಎಂದು ಮಗಳು ಮೆಲ್ಲಗೆ ಕೇಳಿದಳು.

“ಹೊಗಿ ನುಂಗಿ ಎದಿ ಸೋತದವ್ವ. ನೀ ಪೆಟ್ಟಿಗಿ ಹಿಡಿಯೂದಕ್ಕಿಂತ ಮೊದಲಿಂದ ಪುಡೀನೇ ಹಾಕಾಕತ್ತೀನಿ. ಅಪ್ಪನ ಹಣ್ಣಂದ್ರ ಶುದ್ಧ ಅಂತ ನೀ ಒಯ್ಯತಿದ್ದಿ. ಹೇಳಾಕ ಬಾಯಿ ಬರಲಿಲ್ಲ.”

ನನಗೆ ಅವರ ಮೇಲೆ ಕೆಟ್ಟ ಸಿಟ್ಟು ಬಂತು. ಅವಳ ವರ್ಷಗಳ ದುಡಿಮೆ ನೀರಿನಲ್ಲಿ ಹೋಮವಾಗಿತ್ತು. ಸಾವಿತ್ರಿ ಮಾತ್ರ ಅಪ್ಪನ ಎದೆಯ ಮೇಲೆ ಕೈಯಿಟ್ಟು ಅತ್ತಳು. ವಾರವಾರ ಬಂದು ಹಣ್ಣು ಒಯ್ದರೂ ಆ ಉಸಿರು ತನಗೆ ಕೇಳಿಸಿರಲಿಲ್ಲ ಎಂದಳು.

ಮಾದರಿಯೇ ತಪ್ಪಿತ್ತು, ಮೊದಲಿನಿಂದ ಮಾಡುತ್ತೇನೆ ಎಂದು ಮಾರ್ಗದರ್ಶಕರಿಗೆ ಅವಳೇ ಹೇಳಿದಳು. ಮುಂದಿನ ಫಸಲಿಗೆ ಗುಂಡಣ್ಣನವರು ಕುಣಿ ಊದಲು ಎದ್ದರೆ ಬಿಡಲಿಲ್ಲ. ಅವರನ್ನು ಗಾಳಿ ಬರುವ ಕಡೆ ಕೂರಿಸಿ, ಊದುಗೊಳವೆಯನ್ನು ತಾನೇ ಹಿಡಿದಳು. ಅವರು ಅಲ್ಲಿಂದಲೇ ಎಷ್ಟು ಊದಬೇಕೆಂದು ಹೇಳುತ್ತಿದ್ದರು. ಪೆಟ್ಟಿಗೆ ಹೊಸದಾಗಿ ಕಲಿಯಿತು, ಡಾಕ್ಟರೇಟೂ ಬಂತು. ನೋಡಲು ಅವರು ಉಳಿಯಲಿಲ್ಲ.

ಈಗಲೂ ರೈತರು ಹಣ್ಣು ತಂದರೆ ಸಾವಿತ್ರಿ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾತಾಡಿಸುತ್ತಾಳೆ. ಅವರು ಉಸಿರಾಡುವುದನ್ನು ಕೇಳಿದ ಮೇಲೆಯೇ ಪೆಟ್ಟಿಗೆ ತೆರೆಯುತ್ತಾಳೆ.